ನೀರು ಸೋಸುವ ಪೊರೆಯ ಕಥೆ - ನಮ್ಮ ಕಡೂರು ಸೀಮೆಯಿಂದ

ಬೀರೂರು ಜಂಕ್ಷನ್ನಿನಲ್ಲಿ ರೈಲು ದಾರಿ ಎರಡಾಗುತ್ತದೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ ಮೇಲೆ ಚಿಕ್ಕಜಾಜೂರಿಗೆ. ನೀರಿನ ವಿಷಯದಲ್ಲೂ ನಮ್ಮ ಸೀಮೆ ಹೀಗೇ ಎರಡು ದಾರಿ. ತರೀಕೆರೆ ತಾಲ್ಲೂಕಿನ ಪಡುವಣ ತುದಿಯಲ್ಲಿ ಲಕ್ಕವಳ್ಳಿ ಇದೆ, ಅಲ್ಲಿ ಭದ್ರಾ ಅಣೆಕಟ್ಟಿನ ಹಿಂದೆ ಸಮುದ್ರದ ಹಾಗೆ ನೀರು. ಅಲ್ಲಿಂದ ಮೂಡಣಕ್ಕೆ ಬಂದು ಅಜ್ಜಂಪುರ, ಕಡೂರು, ಯಗಟಿ ಕಡೆ ಹೋದರೆ ಬಯಲು ಸೀಮೆ. ಅಮೃತಮಹಲ್ ದನಗಳ ಕಾವಲು, ತೆಂಗು, ಅಡಿಕೆ, ಈರುಳ್ಳಿ, ಮತ್ತೆ ಎಲ್ಲಿ ನೋಡಿದರೂ ಬೋರು. 'ಚಿಕ್ಕಮಗಳೂರು ಜಿಲ್ಲೆ' ಅಂದ ತಕ್ಷಣ ಕಾಫಿ, ಮಂಜು, ಮಳೆ ಅಂತ ಬರೆಯುವ ಗೆಳೆಯರಿಗೆ ನನ್ನದೊಂದು ವಿನಂತಿ: 1947ರವರೆಗೆ ಇಡೀ ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರಿತ್ತು, ಸ್ವಲ್ಪ ನಮ್ಮ ಕಡೆಗೂ ತಿರುಗಿ ನೋಡಿ :-)

ಈಗ ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಒಂದು ಪುಟ್ಟ ಕಟ್ಟಡ ಇರುತ್ತದೆ. ಮೇಲೆ 'ಶುದ್ಧ ಕುಡಿಯುವ ನೀರಿನ ಘಟಕ' ಅಂತ ಬೋರ್ಡು. ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಬೆಳಿಗ್ಗೆ ಏಳರಿಂದ ಮೊಪೆಡ್ಡುಗಳ ಸಾಲು. ಒಳಗೆ ಇಣುಕಿದರೆ ಬಿಳಿಯ ಉದ್ದ ಕೊಳವೆಗಳು, ಗುಂಯ್ ಅನ್ನುವ ಪಂಪು. ಆ ಕೊಳವೆಯೊಳಗೆ ಸುರುಳಿ ಸುತ್ತಿಕೊಂಡು ಕೂತಿರುವ ಒಂದು ತೆಳು ಹಾಳೆಯ ಕಥೆಯೇ ಈ ಬರಹ. ಆ ಹಾಳೆಗೆ ಇನ್ನೂರೆಪ್ಪತ್ತು ವರ್ಷಗಳ ಇತಿಹಾಸ ಇದೆ. ಆ ಇತಿಹಾಸದ ಉದ್ದಕ್ಕೂ ಒಂದು ವಿಷದ ವಾಸನೆಯೂ ಇದೆ. ಆ ವಾಸನೆಯನ್ನು ಬಿಡಿಸಲು ಲೋಕದ ಲ್ಯಾಬುಗಳಲ್ಲಿ ಈಗ ಏನು ನಡೆದಿದೆ ಅನ್ನುವುದು ನನಗೆ ಹೇಳಬೇಕಾದ ಮುಖ್ಯ ಸಂಗತಿ.

ನಾನು ಕೆಮಿಸ್ಟ್ರಿ ಓದಿದವನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಎಲ್ಲರ ಹಾಗೆ ನಾನೂ ಕೆಮಿಸ್ಟ್ರಿ ಪಾಸು ಮಾಡಿ ಪುಸ್ತಕ ಜೂನಿಯರ್ ಹುಡುಗನಿಗೆ ಮಾರಿದ್ದೆ. ಆದರೆ ಕುಡಿಯುವ ನೀರು ನಮ್ಮ ಮನೆಯ ವಿಷಯ. ಹಾಗಾಗಿ ಒಂದಷ್ಟು ತಿಂಗಳು ಕೂತು ಓದಿದೆ.

ಕೆರೆಯಿಂದ ಬೋರಿಗೆ

ನಮ್ಮ ಸೀಮೆಯ ಹಿರಿಯರು ಬೋರಿನ ನೀರು ಕುಡಿದವರಲ್ಲ. ಸಖರಾಯಪಟ್ಟಣದ ಬಳಿ ಅಯ್ಯನಕೆರೆ, ಎಮ್ಮೆದೊಡ್ಡಿ ಕಡೆ ಮದಗದಕೆರೆ, ಊರೂರಿಗೆ ಸಣ್ಣ ಕೆರೆ, ಕೆರೆಯ ಕೆಳಗೆ ತೆರೆದ ಬಾವಿ. ಇವೆಲ್ಲ ಮಳೆಯ ನೀರು, ಹೆಚ್ಚು ದಿನ ಬಂಡೆಯ ಸಹವಾಸ ಮಾಡದ ನೀರು. ಬಾವಿ ಬತ್ತಿದ ಮೇಲೆ ಬೋರು ಬಂತು. ಬೋರು ಆಳಕ್ಕೆ ಹೋದಷ್ಟೂ ನೀರು ಹೆಚ್ಚು ಕಾಲ ಕಲ್ಲಿನ ಬಿರುಕುಗಳಲ್ಲಿ ಕೂತಿದ್ದ ನೀರು. ನಮ್ಮ ನೆಲದ ಕೆಳಗಿರುವ ಗ್ರಾನೈಟ್, ನೈಸ್ ಬಂಡೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಅದನ್ನು ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಹೀಗಾಗಿ ಕಡೂರು, ತರೀಕೆರೆ ತಾಲ್ಲೂಕುಗಳ ಬಯಲು ಭಾಗದ ಕೆಲವು ಬೋರುಗಳಲ್ಲಿ ಫ್ಲೋರೈಡ್ ಮಿತಿ ಮೀರಿ ಸಿಗುತ್ತದೆ. (ಅಜ್ಜಂಪುರ ಮೊದಲು ತರೀಕೆರೆ ತಾಲ್ಲೂಕಿಗೇ ಸೇರಿತ್ತು, ಈಚೆಗೆ ಬೇರೆ ತಾಲ್ಲೂಕಾಗಿದೆ.)

ಮಿತಿ ಎಂದರೆ ಎಷ್ಟು? ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಇಲ್ಲವೇ ಇಲ್ಲ ಎಂದಾಗ 1.5 ಮಿಲಿಗ್ರಾಂವರೆಗೆ ಪರವಾಗಿಲ್ಲ. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ಆಮೇಲೆ ಮೂಳೆ, ಕೀಲುಗಳ ಬಿಗಿತ. ಭಾರತದಲ್ಲಿ ಈ ಕಾಯಿಲೆಯನ್ನು ಮೊದಲು ವೈದ್ಯಕೀಯವಾಗಿ ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಉಪ್ಪು ಕರಗಿದ ಹಾಗೆ ಕರಗಿರುತ್ತದೆ. 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆಯವರು ಸ್ಫಟಿಕ (ಪಟಿಕ) ಮತ್ತು ಸುಣ್ಣ ಬಳಸಿ ತೆಗೆಯುವ ವಿಧಾನ ತಂದರು, ಅದಕ್ಕೆ ಆಗಿನ ಆಂಧ್ರದ ನಲ್ಗೊಂಡ ಜಿಲ್ಲೆಯದೇ ಹೆಸರು. ಅಗ್ಗದ ವಿಧಾನ. ಆದರೆ ದಿನಾ ಅಳತೆ ತಪ್ಪದೆ ಹಾಕಬೇಕು, ಕಲಕಬೇಕು, ಕೆಸರನ್ನು ಎಲ್ಲಾದರೂ ಸಾಗಿಸಬೇಕು. ಪಂಚಾಯಿತಿ ಮಟ್ಟದಲ್ಲಿ ಅದನ್ನು ಶ್ರದ್ಧೆಯಿಂದ ನಡೆಸುವುದು ಕಷ್ಟ. ಗುಂಡಿ ಒತ್ತಿದರೆ ನೀರು ಬರುವ ಯಂತ್ರ ಎಲ್ಲರಿಗೂ ಇಷ್ಟವಾಯಿತು. ಹಾಗೆ ಬಂದಿದ್ದು ಆರ್‌ಓ, ಅಂದರೆ ರಿವರ್ಸ್ ಆಸ್ಮಾಸಿಸ್.

ನಮ್ಮ ಅಜ್ಜಿಗೆ ಮಾತ್ರ ಇಂದಿಗೂ ಒಪ್ಪಿಗೆಯಿಲ್ಲ. "ಸಪ್ಪೆ ನೀರು ಕಣೋ, ಎಷ್ಟು ಕುಡಿದ್ರೂ ಬಾಯಾರಿಕೆ ಹೋಗಲ್ಲ" ಅಂತಾರೆ. ಲವಣಗಳನ್ನೆಲ್ಲ ತೆಗೆದ ನೀರು ಸಪ್ಪೆಯೇ, ಅಜ್ಜಿ ಹೇಳಿದ್ದರಲ್ಲಿ ಕೆಮಿಸ್ಟ್ರಿ ಇದೆ!

ಹಂದಿಯ ಮೂತ್ರಕೋಶದಿಂದ ಶುರು

1748ರಲ್ಲಿ ಫ್ರಾನ್ಸಿನ ಪಾದ್ರಿ ಹಾಗೂ ವಿಜ್ಞಾನಿ ನೊಲೆ ಎಂಬಾತ ಒಂದು ಸಣ್ಣ ಪಾತ್ರೆಗೆ ಮದ್ಯಸಾರ ತುಂಬಿ, ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿ ಮುಳುಗಿಸಿಟ್ಟ. ಕೆಲವು ಗಂಟೆಗಳಲ್ಲಿ ಪೊರೆ ಉಬ್ಬಿ ನಿಂತಿತ್ತು. ನೀರು ಒಳಗೆ ಹೋಗಿದೆ, ಮದ್ಯಸಾರ ಅಷ್ಟಾಗಿ ಹೊರಗೆ ಬಂದಿಲ್ಲ. ಆಸ್ಮಾಸಿಸ್ ಅನ್ನುವುದು ಕಣ್ಣಿಗೆ ಬಿದ್ದಿದ್ದು ಹಾಗೆ. (ಒಣದ್ರಾಕ್ಷಿ ನೀರಲ್ಲಿ ನೆನೆಸಿದರೆ ಉಬ್ಬುತ್ತದಲ್ಲ, ಅದೇ.) ರಿವರ್ಸ್ ಎಂದರೆ ಇದನ್ನು ತಿರುಗಿಸುವುದು: ಉಪ್ಪು ನೀರಿನ ಕಡೆಯಿಂದ ಪಂಪಿನಲ್ಲಿ ಒತ್ತಡ ಹಾಕಿದರೆ ನೀರು ಮಾತ್ರ ಪೊರೆ ದಾಟಿ ಈಚೆ ಬರುತ್ತದೆ.

ಪ್ರಾಣಿಯ ಪೊರೆ ನಂಬಿ ಕಾರ್ಖಾನೆ ನಡೆಸಲಾಗದು. ಮನುಷ್ಯ ಮಾಡಿದ ಮೊದಲ ಪೊರೆ ಬಂದಿದ್ದು ಹತ್ತೊಂಬತ್ತನೇ ಶತಮಾನದ ನಡುವೆ. ಹತ್ತಿಯನ್ನು ಆಮ್ಲಗಳಲ್ಲಿ ಅದ್ದಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ (ಸಿಡಿಮದ್ದಿನ ಹತ್ತಿಯೂ ಇದರ ಅಣ್ಣತಮ್ಮನೇ). ಅದನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದರೆ ಕೊಲೋಡಿಯನ್ ಎಂಬ ಅಂಟು ದ್ರವ. ಗಾಜಿನ ಮೇಲೆ ಬಳಿದು ಒಣಗಿಸಿದರೆ ಹಾಳೆ. 1855ರಲ್ಲಿ ಫಿಕ್ ಎಂಬ ವಿಜ್ಞಾನಿ ಇಂಥ ಪೊರೆ ಬಳಸಿದ. 1907ರಲ್ಲಿ ಬೆಖೋಲ್ಡ್ ಎಂಬಾತ ತೂತಿನ ಅಳತೆಯನ್ನು ಬೇಕಾದ ಹಾಗೆ ಹೊಂದಿಸುವ ಬಗೆ ತೋರಿಸಿದ. ಜರ್ಮನಿಯ ಗಾಟಿಂಗೆನ್‌ನಲ್ಲಿ ಜಿಗ್ಮೋಂಡಿ (1925ರ ನೊಬೆಲ್ ಪಡೆದವನು) ಮಾಡಿದ ಕೆಲಸದಿಂದ 1927ರ ಹೊತ್ತಿಗೆ ಪೊರೆಗಳು ಅಂಗಡಿಯ ಸರಕಾದವು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದ ಊರುಗಳ ಕುಡಿಯುವ ನೀರಿನಲ್ಲಿ ರೋಗಾಣು ಇದೆಯೇ ಎಂದು ನೋಡಲು ಈ ಪೊರೆಗಳು ಬಳಕೆಯಾದವು, ಯುದ್ಧ ಮುಗಿದ ಮೇಲೆ ಆ ವಿದ್ಯೆ ಅಮೆರಿಕಕ್ಕೆ ಹೋಯಿತು.

ಒಂದು ವಿಷಯ ಗಮನಿಸಿ. ಮೊದಲ ದಿನದಿಂದಲೂ ಪೊರೆ ಮಾಡಲು ದ್ರಾವಕ ಬೇಕೇ ಬೇಕು. ಪಾಲಿಮರನ್ನು ಕರಗಿಸಬೇಕು, ತೆಳ್ಳಗೆ ಬಳಿಯಬೇಕು, ದ್ರಾವಕ ಹೊರಟುಹೋಗಬೇಕು. ಅದು ಹೊರಟುಹೋದ ಜಾಗವೇ ತೂತು.

ಒಡೆದ ಹಾಲಿನ ವಿದ್ಯೆ

ಇದು ಹೇಗೆ ಅಂತ ಅಡುಗೆಮನೆ ಭಾಷೆಯಲ್ಲಿ ಹೇಳುತ್ತೇನೆ. ಕಾದ ಹಾಲಿಗೆ ನಿಂಬೆರಸ ಹಿಂಡಿದರೆ ಹಾಲು ಒಡೆಯುತ್ತದೆ. ಗಟ್ಟಿ ಒಂದು ಕಡೆ, ನೀರು ಒಂದು ಕಡೆ. ಗಟ್ಟಿಯನ್ನು ಮುರಿದು ನೋಡಿ, ಒಳಗೆಲ್ಲ ಸಣ್ಣ ಸಣ್ಣ ಪೊಳ್ಳು. ಪೊರೆ ಮಾಡುವುದೂ ಹೆಚ್ಚುಕಡಿಮೆ ಹೀಗೇ. ಪಾಲಿಮರ್ ಕರಗಿರುವ ದ್ರಾವಕವನ್ನು ಹಾಳೆಯ ಹಾಗೆ ಬಳಿದು ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ದ್ರಾವಕ ನೀರಿಗೆ ಓಡುತ್ತದೆ, ನೀರು ಒಳಗೆ ನುಗ್ಗುತ್ತದೆ, ಪಾಲಿಮರಿಗೆ ನೀರು ಆಗದು, ಅದು ಗಟ್ಟಿಯಾಗುತ್ತದೆ. ಹೀಗೆ ಗಡಿಬಿಡಿಯಲ್ಲಿ ಗಟ್ಟಿಯಾಗುವಾಗ ತೂತುಗಳ ಜಾಲ ಉಳಿಯುತ್ತದೆ.

ಇದನ್ನು ಉಪ್ಪು ನೀರಿಗೆ ಒಗ್ಗಿಸಿದವರಲ್ಲಿ ಒಬ್ಬರು ನಮ್ಮ ದೇಶದಲ್ಲಿ ಹುಟ್ಟಿದವರು. ಹೆಸರು ಶ್ರೀನಿವಾಸ ಸೌರಿರಾಜನ್. 1950ರ ದಶಕದ ಕೊನೆಯಲ್ಲಿ ಅವರು ಮತ್ತು ಸಿಡ್ನಿ ಲೋಬ್ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಸೆಲ್ಯುಲೋಸ್ ಅಸಿಟೇಟ್ ಪೊರೆ ಉಪ್ಪನ್ನು ತಡೆಯುತ್ತದೆ ಎಂದು ಫ್ಲಾರಿಡಾದ ರೀಡ್ ಮತ್ತು ಬ್ರೆಟನ್ ಆಗಲೇ ತೋರಿಸಿದ್ದರು. ಆದರೆ ನೀರು ತೊಟ್ಟಿಕ್ಕುವುದು ಎಷ್ಟು ನಿಧಾನವೆಂದರೆ ಅದನ್ನು ನಂಬಿದರೆ ಒಂದು ಲೋಟ ತುಂಬುವಷ್ಟರಲ್ಲಿ ಜಾತ್ರೆ ಮುಗಿದಿರುತ್ತದೆ. ಲೋಬ್ ಮತ್ತು ಸೌರಿರಾಜನ್ ಜರ್ಮನಿಯ ಒಂದು ರೆಡಿಮೇಡ್ ಪೊರೆಯನ್ನು ಬಿಸಿನೀರಿನಲ್ಲಿ ಕಾಯಿಸಿ ಪರೀಕ್ಷಿಸಿದರು. ಒಮ್ಮೆ ಚೆನ್ನಾಗಿ ಉಪ್ಪು ತಡೆಯಿತು, ಇನ್ನೊಮ್ಮೆ ತಡೆಯಲಿಲ್ಲ. ಕಾರಣ ಹುಡುಕಿದರೆ, ಪೊರೆಯ ಯಾವ ಮುಖ ಮೇಲೆ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿತ್ತು! ಒಂದು ಮುಖದಲ್ಲಿ ತೀರಾ ತೆಳುವಾದ ಬಿಗಿ ತೊಗಟೆ, ಅದರ ಕೆಳಗೆ ಸಡಿಲ ಜಾಲರಿ. ತಡೆಯುವ ಕೆಲಸ ತೊಗಟೆಯದು, ಆಧಾರ ಕೊಡುವುದು ಜಾಲರಿಯದು. ಆಮೇಲೆ ತಾವೇ ಸೆಲ್ಯುಲೋಸ್ ಅಸಿಟೇಟನ್ನು ಅಸಿಟೋನಿನಲ್ಲಿ ಕರಗಿಸಿ, ನೀರು ಮತ್ತು ಮೆಗ್ನೀಸಿಯಂ ಪರ್ಕ್ಲೋರೇಟ್ ಬೆರೆಸಿ, ಬಳಿದು, ತಣ್ಣನೆಯ ನೀರಲ್ಲಿ ಮುಳುಗಿಸಿ, ಬಿಸಿನೀರಲ್ಲಿ ಹದಮಾಡಿ ಅಂಥದೇ ಪೊರೆ ಮಾಡಿದರು. ನೀರಿನ ಹರಿವು ಸುಮಾರು ಹತ್ತು ಪಟ್ಟು ಏರಿತು.

1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಎಂಬ ಪುಟ್ಟ ಊರಿನಲ್ಲಿ ಇದರ ಘಟಕ ಶುರುವಾಯಿತು. ದಿನಕ್ಕೆ ಸುಮಾರು 5,000 ಗ್ಯಾಲನ್, ಅಂದರೆ 19,000 ಲೀಟರ್ ಆಸುಪಾಸು. ಕೊಲಿಂಗಾದ ಅಂತರ್ಜಲ ಉಪ್ಪು. ಅದಕ್ಕೂ ಮುಂಚೆ ಅಲ್ಲಿಗೆ ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತಂತೆ. ಓದುವಾಗ ನನಗೆ ಬೇಸಿಗೆಯಲ್ಲಿ ನಮ್ಮ ಕಡೆ ಟ್ಯಾಂಕರಿಗೆ ಕಾಯುವ ಬಿಂದಿಗೆ ಸಾಲು ಕಣ್ಣಮುಂದೆ ಬಂತು. ಸಾವಿರಾರು ಮೈಲಿ ಆಚೆಯ ಕೊಲಿಂಗಾ ಒಂದು ರೀತಿಯಲ್ಲಿ ನಮ್ಮ ಕಡೂರೇ ಅನ್ನಿಸಿತು. ಸೌರಿರಾಜನ್ ಆಮೇಲೆ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿ ಸೇರಿ ದಶಕಗಳ ಕಾಲ ಇದೇ ಕೆಲಸ ಮಾಡಿದರು. ಭಾರತದಲ್ಲಿ ಗುಜರಾತಿನ ಭಾವನಗರದ ಉಪ್ಪಿನ ಸಂಶೋಧನಾ ಸಂಸ್ಥೆ ಮತ್ತು ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ಪೊರೆ ಮಾಡುವ ವಿದ್ಯೆಯನ್ನು ಬೆಳೆಸಿದವು.

ಈಗಿನ ಪೊರೆ ಇನ್ನೂ ಒಂದು ಹೆಜ್ಜೆ ಮುಂದೆ. ಜಾನ್ ಕ್ಯಾಡಾಟ್ 1970ರ ದಶಕದಲ್ಲಿ ಅದನ್ನು ಮಾಡಿದ, 1981ರಲ್ಲಿ ಪೇಟೆಂಟ್ ಸಿಕ್ಕಿತು. ಮೂರು ಪದರ: ತಳದಲ್ಲಿ ಪಾಲಿಯೆಸ್ಟರ್ ಬಟ್ಟೆ, ಅದರ ಮೇಲೆ ತೂತುತೂತಾದ ಪಾಲಿಸಲ್ಫೋನ್, ಎಲ್ಲಕ್ಕಿಂತ ಮೇಲೆ ಪಾಲಿಅಮೈಡ್ ತೊಗಟೆ. ತೊಗಟೆಯ ದಪ್ಪ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದೆರಡು ಭಾಗ. ಫ್ಲೋರೈಡನ್ನು ತಡೆಯುವುದು ಅದು. ನಮ್ಮೂರ ಘಟಕದ ಕೊಳವೆಯಲ್ಲಿರುವುದೂ ಇದೇ ಜಾತಿಯ ಪೊರೆ.

ವಿಷ ಎಲ್ಲಿದೆ?

ಒಮ್ಮೆ ಊರಿಗೆ ಹೋದಾಗ ಘಟಕ ನೋಡಿಕೊಳ್ಳುವವರನ್ನು ಕೇಳಿದೆ, "ಏನಣ್ಣ, ಈ ಪೈಪಿನೊಳಗೆ ಏನಿರುತ್ತೆ?" ಅಂತ. "ಮೆಂಬ್ರೇನು ಕಣಪ್ಪ. ಎಲ್ಲಿಂದ್ಲೋ ಬರುತ್ತೆ, ಹಳೇದು ತೆಗ್ದು ಹೊಸ್ದು ಹಾಕಿ ಹೋಗ್ತಾರೆ. ನೀನು ಇಂಜಿನಿಯರು ತಾನೆ, ನೀನೇ ಹೇಳಪ್ಪ" ಅಂದರು. ಆ 'ಎಲ್ಲಿಂದಲೋ' ಅನ್ನುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆ ಎಲ್ಲಿಂದಲೋ ಅನ್ನುವ ಕಡೆ ಏನಾಗುತ್ತದೆ ಅಂದರೆ, ಪಾಲಿಸಲ್ಫೋನನ್ನು ಸಾಮಾನ್ಯವಾಗಿ ಡೈಮೀಥೈಲ್ ಫಾರ್ಮಮೈಡ್ ಅಥವಾ ಎನ್-ಮೀಥೈಲ್ ಪಿರೊಲಿಡೋನ್ ಎಂಬ ದ್ರಾವಕದಲ್ಲಿ ಕರಗಿಸುತ್ತಾರೆ. (ಚಿಕ್ಕದಾಗಿ ಡಿಎಂಎಫ್, ಎನ್‌ಎಂಪಿ.) ಎರಡೂ ಒಳ್ಳೆಯ ದ್ರಾವಕಗಳು, ಗಟ್ಟಿ ಗಟ್ಟಿ ಪ್ಲಾಸ್ಟಿಕ್ಕನ್ನೂ ಸಲೀಸಾಗಿ ಕರಗಿಸುತ್ತವೆ, ನೀರಿನ ಜೊತೆಗೂ ಬೆರೆಯುತ್ತವೆ. ಆದರೆ ಉಸಿರಿನಿಂದಲೂ ಚರ್ಮದಿಂದಲೂ ಮೈಯೊಳಗೆ ಇಳಿಯುತ್ತವೆ. ಡಿಎಂಎಫ್ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು ಎಂದು ಯೂರೋಪಿನ ಪಟ್ಟಿಯಲ್ಲಿ ಎರಡೂ ಇವೆ. ಮೇಲಿನ ತೊಗಟೆ ಹಚ್ಚುವಾಗ ಹೆಕ್ಸೇನಿನಂಥ ಪೆಟ್ರೋಲಿಯಂ ದ್ರಾವಕವೂ ಬೇಕು, ಅದು ನರಗಳಿಗೆ ಆಗದು.

ನಾನೇ ಒಂದು ಅಂದಾಜು ಲೆಕ್ಕ ಹಾಕಿದೆ. ನಾಲ್ಕು ಇಂಚು ವ್ಯಾಸ, ನಲವತ್ತು ಇಂಚು ಉದ್ದದ ಒಂದು ಆರ್‌ಓ ಸುರುಳಿಯನ್ನು ಬಿಚ್ಚಿ ಹಾಸಿದರೆ ಏಳೆಂಟು ಚದರ ಮೀಟರ್ ಪೊರೆ, ಒಂದು ಸಣ್ಣ ಕೋಣೆಯ ನೆಲದಷ್ಟು. ಪಾಲಿಸಲ್ಫೋನ್ ದ್ರವವನ್ನು 0.15 ಮಿಲಿಮೀಟರ್ ದಪ್ಪ ಬಳಿದರೆ ಅಂತ ಇಟ್ಟುಕೊಳ್ಳಿ. ಒಟ್ಟು ದ್ರವ ಒಂದು ಲೀಟರಿಗಿಂತ ಚೂರು ಹೆಚ್ಚು. ಅದರಲ್ಲಿ ಆರರಲ್ಲಿ ಐದು ಪಾಲು ದ್ರಾವಕ. ಅಂದರೆ ಒಂದು ಸುರುಳಿಗೆ ಹತ್ತಿರಹತ್ತಿರ ಒಂದು ಲೀಟರ್ ದ್ರಾವಕ! ಇದಷ್ಟೂ ತೊಳೆಯುವ ನೀರಿಗೆ ಹೋಗುತ್ತದೆ. ಪೊರೆಯಲ್ಲಿ ಉಳಿಯುವುದಿಲ್ಲ, ಆದ್ದರಿಂದ ಕ್ಯಾನಿನ ನೀರಿಗೆ ಇದು ಬರುತ್ತದೆ ಅಂತ ಯಾರೂ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಆ ಕಾರ್ಖಾನೆಯ ಕೆಲಸಗಾರರ ಬಗ್ಗೆ, ಆ ತೊಟ್ಟಿಯ ನೀರು ಹೋಗುವ ಜಾಗದ ಬಗ್ಗೆ. ಒಳ್ಳೆಯ ಕಾರ್ಖಾನೆಗಳು ದ್ರಾವಕವನ್ನು ಬಟ್ಟಿ ಇಳಿಸಿ ಮರಳಿ ಪಡೆಯುತ್ತವೆ, ಆದರೆ ನೀರಲ್ಲಿ ಸ್ವಲ್ಪವೇ ಬೆರೆತಿರುವ ದ್ರಾವಕವನ್ನು ಹಾಗೆ ಬೇರೆ ಮಾಡಲು ವಿಪರೀತ ಶಾಖ ಬೇಕು. ಲೋಕದ ಪೊರೆ ಉದ್ಯಮದಿಂದ ವರ್ಷಕ್ಕೆ 5,000 ಕೋಟಿ ಲೀಟರಿಗೂ ಹೆಚ್ಚು ದ್ರಾವಕ ಬೆರೆತ ಕೊಳಚೆ ನೀರು ಬರುತ್ತದೆ ಎಂದು 2015ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಲೇಖನ ಅಂದಾಜು ಮಾಡಿತ್ತು.

ನೋಡಿ ಹೇಗಿದೆ. ಯಾವುದೋ ಊರಿನ ನೀರನ್ನು ಕೊಳೆ ಮಾಡಿ ನಮ್ಮೂರಿನ ನೀರನ್ನು ತಿಳಿ ಮಾಡುವ ಹಾಳೆ ತಯಾರಾಗುತ್ತಿದೆ. ಯೂರೋಪು 2020ರ ಮೇ ತಿಂಗಳಿಂದ ಎನ್‌ಎಂಪಿಗೂ, 2023ರ ಡಿಸೆಂಬರಿಂದ ಡಿಎಂಎಫ್‌ಗೂ ಕಟ್ಟುಪಾಡು ತಂದಿದೆ. ಅದು ನಿಷೇಧವಲ್ಲ, ಕೆಲಸಗಾರರಿಗೆ ತಾಗುವ ಪ್ರಮಾಣಕ್ಕೆ ಹಾಕಿದ ಗೆರೆ. ಆದರೂ ಆ ಗೆರೆಯಿಂದಾಗಿ 'ಬೇರೆ ದಾರಿ ಇದೆಯೇ?' ಎಂಬ ಹುಡುಕಾಟಕ್ಕೆ ವೇಗ ಬಂತು.

ಬೇರೆ ದಾರಿಗಳು

ಮೊದಲ ದಾರಿ: ಕರಗಿಸುವುದೇ ಬೇಡ, ಎಳೆಯಿರಿ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಕಾದ ಟೆಫ್ಲಾನ್ ಸರಳುಗಳನ್ನು ನಿಧಾನವಾಗಿ ಎಳೆದು ಎಳೆದು ಸಾಕಾಗಿ, ಕೊನೆಗೆ ಒಂದನ್ನು ಜೋರಾಗಿ ಜಗ್ಗಿದ. ತುಂಡಾಗುವ ಬದಲು ಅದು ಹತ್ತು ಪಟ್ಟು ಉದ್ದವಾಯಿತು, ಒಳಗೆಲ್ಲ ಕಣ್ಣಿಗೆ ಕಾಣದ ತೂತು. ಮಳೆಕೋಟಿನ ಗೋರ್‌ಟೆಕ್ಸ್ ಬಂದಿದ್ದು ಹಾಗೆ. ಪಾಲಿಪ್ರೊಪಿಲೀನ್ ಹಾಳೆಯನ್ನೂ ಹದವಾಗಿ ಎಳೆದು ತೂತು ಮಾಡುತ್ತಾರೆ. ನಿಮ್ಮ ಮೊಬೈಲ್ ಬ್ಯಾಟರಿಯ ಒಳಗೆ ಎರಡು ಧ್ರುವಗಳ ನಡುವೆ ಇರುವುದು ಇಂಥದೇ ಹಾಳೆ ಆಗಿರಬಹುದು.

ಎರಡನೆಯದು: ಗುಂಡು ಹೊಡೆಯಿರಿ. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಜ್ಞಾನಿಗಳು ಪ್ಲಾಸ್ಟಿಕ್ ಹಾಳೆಯ ಮೇಲೆ ಅಣು ವಿದಳನದ ತುಣುಕುಗಳನ್ನು ಹಾಯಿಸಿ, ಅವು ಹಾದುಹೋದ ಜಾಡನ್ನು ಕ್ಷಾರದಲ್ಲಿ ಕೊರೆದು ಒಂದೇ ಅಳತೆಯ ದುಂಡು ತೂತು ಮಾಡಿದರು. ಚಂದದ ವಿದ್ಯೆ. ಆದರೆ ದುಬಾರಿ, ತೂತುಗಳೂ ವಿರಳ.

ಮೂರನೆಯದು: ಕಾಯಿಸಿ, ತಣಿಸಿ. ಬಿಸಿಯಲ್ಲಿ ಮಾತ್ರ ಪಾಲಿಮರನ್ನು ಕರಗಿಸುವ ಎಣ್ಣೆಯಂಥ ದ್ರವ ಬಳಸಿ, ತಣಿದಾಗ ಎರಡೂ ಬೇರೆಯಾಗುವಂತೆ ಮಾಡುವುದು. ತುಪ್ಪ ಹರಳುಗಟ್ಟಿದ ಹಾಗೆ. ಇದಕ್ಕೆ 1981ರಲ್ಲಿ ಕ್ಯಾಸ್ಟ್ರೋ ಎಂಬಾತನಿಗೆ ಪೇಟೆಂಟ್ ಬಂತು. ಇಲ್ಲೂ ಆ ಎಣ್ಣೆಯನ್ನು ಕೊನೆಗೆ ತೊಳೆದು ತೆಗೆಯಬೇಕು. ಥಾಲೇಟುಗಳಂಥ ಕೆಟ್ಟ ಎಣ್ಣೆಯ ಬದಲು ನಿಂಬೆಯ ಆಮ್ಲದಿಂದ ಮಾಡಿದ ಸಿಟ್ರೇಟುಗಳನ್ನು ಬಳಸುವ ಪ್ರಯತ್ನ ನಡೆದಿದೆ.

ನಾಲ್ಕನೆಯದು: ದೋಸೆಯ ದಾರಿ. ಹಿಟ್ಟಿನಲ್ಲಿ ಹುದುಗಿದ ಗಾಳಿ ಕಾವಲಿಯ ಮೇಲೆ ಹೊರಬಂದು ತೂತು ಮಾಡುತ್ತದಲ್ಲ, ಹಾಗೆ ಪಾಲಿಮರಿನೊಳಗೆ ಹೆಚ್ಚು ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಸಿ ಒಮ್ಮೆಲೇ ಒತ್ತಡ ಬಿಡುವುದು. ಎಲ್ಲರ ಮನೆ ದೋಸೆಯೂ ತೂತೇ, ಆದರೆ ಪೊರೆಗೆ ಒಂದು ತೂತಿಗೂ ಇನ್ನೊಂದಕ್ಕೂ ದಾರಿ ಇರಬೇಕು, ಎಲ್ಲ ಒಂದೇ ಅಳತೆ ಇರಬೇಕು. ಅಲ್ಲೇ ಕಷ್ಟ.

ಐದನೆಯದು: ದ್ರಾವಕ ಇರಲಿ, ಸಾಧುವಾದದ್ದು ಇರಲಿ. ಸೆಲ್ಯುಲೋಸಿನಿಂದ ತೆಗೆಯುವ ಸೈರೀನ್, ಸಸ್ಯಮೂಲದಿಂದ ಮಾಡಬಹುದಾದ ಗಾಮಾ-ವೆಲೆರೊಲ್ಯಾಕ್ಟೋನ್, ಪೋಲಾರ್‌ಕ್ಲೀನ್, ಡೈಮೀಥೈಲ್ ಸಲ್ಫಾಕ್ಸೈಡ್ - ಇವುಗಳಲ್ಲಿ ಪಾಲಿಮರ್ ಕರಗಿಸಿ ಪೊರೆ ಮಾಡಿ ತೋರಿಸಿದ್ದಾರೆ. ಕಾರ್ಖಾನೆಯ ಯಂತ್ರ ಹೆಚ್ಚು ಬದಲಾಯಿಸಬೇಕಿಲ್ಲ ಅನ್ನುವುದು ಇದರ ಲಾಭ. ಬೆಲೆ ಮತ್ತು ಹದ ಇದರ ತೊಡಕು.

ಆರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು: ನೀರೇ ದ್ರಾವಕ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ತಂಡ ಕೆಲವು ವರ್ಷಗಳಿಂದ ಈ ದಾರಿಯಲ್ಲಿದೆ. ಧನ ಆವೇಶದ ಒಂದು ಪಾಲಿಮರ್, ಋಣ ಆವೇಶದ ಒಂದು ಪಾಲಿಮರ್. ಬೇರೆ ಬೇರೆ ಇದ್ದರೆ ಎರಡೂ ನೀರಲ್ಲಿ ಕರಗುತ್ತವೆ. ಜೊತೆಗೂಡಿದರೆ ಒಂದನ್ನೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಮೊದಲು ತುಂಬಾ ಉಪ್ಪು ಹಾಕಿಯೋ ಆಮ್ಲ-ಕ್ಷಾರದ ಮಟ್ಟ ಬದಲಿಸಿಯೋ ಅವು ಅಂಟಿಕೊಳ್ಳದಂತೆ ಇಟ್ಟು, ಬಳಿದು, ಆಮೇಲೆ ಸಾದಾ ನೀರಿಗೆ ಅಥವಾ ಬೇರೆ ಮಟ್ಟದ ನೀರಿಗೆ ಮುಳುಗಿಸಿದರೆ ಪೊರೆ ರೆಡಿ. ಒಡೆದ ಹಾಲಿನ ವಿದ್ಯೆಯೇ, ಆದರೆ ಈ ಸಲ ತೊಟ್ಟಿಯಲ್ಲಿ ಉಳಿಯುವುದು ಉಪ್ಪು ನೀರು. ಸಣ್ಣ ಕಣಗಳಿಂದ ಹಿಡಿದು ಕೆಲವು ಲವಣಗಳವರೆಗೆ ತಡೆಯುವ ಪೊರೆಗಳನ್ನು ಹೀಗೆ ಮಾಡಿ ತೋರಿಸಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ. 'ದ್ರಾವಕ ಇಲ್ಲ' ಎಂದ ತಕ್ಷಣ 'ಹಾನಿ ಇಲ್ಲ' ಎಂದಾಗುವುದಿಲ್ಲ. ಟೆಫ್ಲಾನ್ ಎಳೆಯುವಾಗ ಡಿಎಂಎಫ್ ಬೇಡ, ಸರಿ. ಆದರೆ ಟೆಫ್ಲಾನ್ ತಯಾರಿಕೆಯಲ್ಲಿ ದಶಕಗಳ ಕಾಲ ಬಳಸಿದ ಪಿಎಫ್‌ಓಎ ಎಂಬ ರಾಸಾಯನಿಕ ಅಮೆರಿಕದಲ್ಲಿ ಊರೂರ ಕುಡಿಯುವ ನೀರು ಕೆಡಿಸಿ ದೊಡ್ಡ ಮೊಕದ್ದಮೆಗಳಾದವು. ಆದ್ದರಿಂದ ಹಾಳೆಯ ಹುಟ್ಟಿನಿಂದ ಸಾವಿನವರೆಗೆ ಪೂರಾ ಲೆಕ್ಕ ಕೇಳಬೇಕು.

ನಮ್ಮ ಕಡೆಯ ಲೆಕ್ಕ

ಹುಟ್ಟಿನ ಲೆಕ್ಕ ನಮ್ಮ ಕೈಯಲ್ಲಿಲ್ಲ. ಬದುಕು ಮತ್ತು ಸಾವಿನ ಲೆಕ್ಕ ನಮ್ಮೂರಲ್ಲೇ ನಡೆಯುತ್ತದೆ. ಆರ್‌ಓ ಘಟಕಕ್ಕೆ ಹೋದ ನೀರಿನಲ್ಲಿ ಅರ್ಧದಷ್ಟು, ಕೆಲವು ಕಡೆ ಅದಕ್ಕಿಂತ ಹೆಚ್ಚು, ಹಿಂದಿನ ಪೈಪಿನಿಂದ ಹೊರಗೆ ಹೋಗುತ್ತದೆ. ಬೋರಿನ ನೀರಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದ್ದು, ಅರ್ಧ ನೀರು ಶುದ್ಧವಾಗಿ ಬಂತು ಎಂದರೆ ಉಳಿದರ್ಧದಲ್ಲಿ ಹತ್ತಿರಹತ್ತಿರ 6 ಮಿಲಿಗ್ರಾಂ ಇರುತ್ತದೆ. ಫ್ಲೋರೈಡ್ ಮಾಯವಾಗಿಲ್ಲ, ಜಾಗ ಬದಲಿಸಿದೆ. ಆ ನೀರು ಚರಂಡಿಗೆ, ಚರಂಡಿಯಿಂದ ನೆಲಕ್ಕೆ. ಕೆಲವೊಮ್ಮೆ ಅದೇ ಬೋರಿನ ಬುಡಕ್ಕೇ! ದನಗಳು ಅದನ್ನೇ ಕುಡಿಯುವುದೂ ಉಂಟು. ಅಮೃತಮಹಲ್ ತಳಿಗೆ ಹೆಸರಾದ ಸೀಮೆಯವರು ಇದರ ಬಗ್ಗೆ ಸ್ವಲ್ಪ ಯೋಚಿಸಬೇಕು.

ಪೊರೆಗೆ ಆಯಸ್ಸು ಮೂರೋ ಐದೋ ವರ್ಷ. ನಮ್ಮ ಗಡಸು ನೀರಿಗೆ, ಸರಿಯಾಗಿ ತೊಳೆಯದಿದ್ದರೆ, ಅಷ್ಟೂ ಬರುವುದಿಲ್ಲ. ಸತ್ತ ಸುರುಳಿ ತಿಪ್ಪೆಗೆ ಹೋಗುತ್ತದೆ. ಅದನ್ನು ಸುಟ್ಟರೆ ಪ್ಲಾಸ್ಟಿಕ್ ಹೊಗೆ. ಇದಕ್ಕೂ ಒಂದು ದಾರಿ ಕಂಡುಕೊಂಡಿದ್ದಾರೆ: ಹಳೆಯ ಆರ್‌ಓ ಸುರುಳಿಯನ್ನು ಬ್ಲೀಚಿಂಗ್ ದ್ರಾವಣದಲ್ಲಿ (ಸೋಡಿಯಂ ಹೈಪೋಕ್ಲೋರೈಟ್) ಲೆಕ್ಕವಿಟ್ಟು ನೆನೆಸಿದರೆ ಮೇಲಿನ ಪಾಲಿಅಮೈಡ್ ತೊಗಟೆ ಕಳಚಿ ಕೆಳಗಿನ ಪಾಲಿಸಲ್ಫೋನ್ ಜಾಲರಿ ಉಳಿಯುತ್ತದೆ. ಅದು ಫ್ಲೋರೈಡ್ ತಡೆಯದು, ಆದರೆ ಕೆರೆ, ನದಿ ನೀರಿನ ಕೆಸರು ಮತ್ತು ಬ್ಯಾಕ್ಟೀರಿಯಾ ತಡೆಯುತ್ತದೆ. ಸ್ಪೇನಿನಲ್ಲಿ ಇದರ ಮೇಲೆ ಸಾಕಷ್ಟು ಕೆಲಸ ಆಗಿದೆ. ಒಂದು ಪೊರೆಗೆ ಎರಡು ಜನ್ಮ ಕೊಟ್ಟರೆ ಹೊಸದೊಂದನ್ನು ಮಾಡುವ ದ್ರಾವಕ ಉಳಿಯಿತು ತಾನೆ?

ಅದಕ್ಕಿಂತ ದೊಡ್ಡ ಉಳಿತಾಯ ಪೊರೆಯೇ ಬೇಡದ ನೀರು. ಮಳೆ ನೀರಿನಲ್ಲಿ ಬಂಡೆಯ ಫ್ಲೋರೈಡ್ ಇರುವುದಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಬೆಟ್ಟದತಾವರೆಕೆರೆ ಬಳಿ ಮೇಲೆತ್ತಿ, ಅಜ್ಜಂಪುರದ ಸುಮಾರು 7 ಕಿಲೋಮೀಟರ್ ಸುರಂಗ ದಾಟಿಸಿ ವಾಣಿವಿಲಾಸ ಸಾಗರಕ್ಕೆ ಬಿಡುತ್ತಿದ್ದಾರೆ. 2022ರಲ್ಲಿ ಆ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು, ಒಳ್ಳೆಯ ಮಳೆಯೂ ಸೇರಿತ್ತು ಅನ್ನಿ. ನಮ್ಮ ನೆಲದ ಕೆಳಗೇ ನದಿ ಹರಿದು ಹೋಗುವಾಗ ನಮ್ಮ ಕೆರೆಗಳಿಗೆ ಅದರ ಪಾಲು ಸಿಗಬೇಕು ಅನ್ನುವ ಕೂಗು ನಮ್ಮ ಸೀಮೆಯಲ್ಲಿ ಇದ್ದೇ ಇದೆ, ನನ್ನದೂ ಅದೇ ಕೂಗು. ಕೆರೆ ತುಂಬಿದರೆ ಅದರ ಕೆಳಗಿನ ಬಾವಿಯಲ್ಲಿ ನೀರು ಮೇಲೆ ಬರುತ್ತದೆ. ಮೇಲಿನ ನೀರು ಆಳದ ನೀರಿಗಿಂತ ಸಾಮಾನ್ಯವಾಗಿ ಸಾಧು. ಆಗ ಆರ್‌ಓ ಬೇಕಾಗುವುದು ನಿಜವಾಗಿ ಬೇರೆ ದಾರಿಯಿಲ್ಲದ ಹಳ್ಳಿಗಳಿಗೆ ಮಾತ್ರ.

ಹಾಗಂತ ಘಟಕ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಹಲ್ಲಿನಲ್ಲಿ ಕಂದು ಗೆರೆ ಇರುವ ಮಗುವಿನ ತಾಯಿಗೆ ಡಿಎಂಎಫ್ ಬಗ್ಗೆ ಭಾಷಣ ಮಾಡಿ ಪ್ರಯೋಜನವಿಲ್ಲ, ಅವರಿಗೆ ಇವತ್ತು ಸಂಜೆಗೆ ನೀರು ಬೇಕು. ಆದರೆ ಸರ್ಕಾರ ಸಾವಿರಗಟ್ಟಲೆ ಪೊರೆಗಳನ್ನು ಕೊಳ್ಳುತ್ತದೆ. ಟೆಂಡರಿನಲ್ಲಿ ಎಷ್ಟು ಲೀಟರ್, ಎಷ್ಟು ವಾರಂಟಿ ಎಂದು ಬರೆಯುವಾಗ ಪೊರೆ ಮಾಡಿದ ದ್ರಾವಕ ಯಾವುದು, ಅದರ ತೊಳೆನೀರು ಏನಾಯಿತು, ಹಳೆಯ ಸುರುಳಿ ವಾಪಸು ತೆಗೆದುಕೊಳ್ಳುತ್ತೀರಾ ಎಂದು ಇನ್ನು ಮೂರು ಸಾಲು ಸೇರಿಸಬಹುದು. ಇಷ್ಟು ದೊಡ್ಡ ಗಿರಾಕಿ ಕೇಳಿದರೆ ಮಾರುವವನು ಉತ್ತರ ಹುಡುಕಿಯೇ ಹುಡುಕುತ್ತಾನೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಕೆಮಿಕಲ್, ಪಾಲಿಮರ್ ಓದುತ್ತಿರುವ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆ ವಿಷಯ ಇಲ್ಲ ಅಂತ ಒದ್ದಾಡುವುದನ್ನು ನೋಡಿದ್ದೇನೆ. ಇಲ್ಲಿದೆ ನೋಡಿ ವಿಷಯ: ಸತ್ತ ಸುರುಳಿಗೆ ಎರಡನೇ ಜನ್ಮ, ಅಥವಾ ನೀರೇ ದ್ರಾವಕವಾದ ಪೊರೆ. ಅದಕ್ಕೆ ಬೇಕಾದ ಸಾಮಗ್ರಿ ಉಪ್ಪು, ನೀರು, ಎರಡು ಪಾಲಿಮರ್ ಮತ್ತು ತಾಳ್ಮೆ.

ಬ್ಲಾಗಿಗ ಮಿತ್ರರೇ, ಈ ವಾರ ಊರಿಗೆ ಹೋದವರು ಒಂದು ಕೆಲಸ ಮಾಡಿ. ನಿಮ್ಮೂರ ನೀರಿನ ಘಟಕದ ಹಿಂಭಾಗಕ್ಕೆ ಹೋಗಿ, ಹೊರಗೆ ಬಿಡುವ ನೀರಿನ ಪೈಪು ಎಲ್ಲಿ ಕೊನೆಯಾಗುತ್ತದೆ ನೋಡಿ. ಪೊರೆ ಕೊನೆಯ ಸಲ ಬದಲಿಸಿದ್ದು ಯಾವಾಗ, ಹಳೆಯದು ಎಲ್ಲಿ ಹೋಯಿತು ಅಂತ ಕೇಳಿ. ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆಯ ಕಾಗದ ಇದ್ದರೆ ಫ್ಲೋರೈಡಿನ ಅಂಕಿ ನೋಡಿಕೊಳ್ಳಿ. ಕಂಡದ್ದನ್ನು ಇಲ್ಲಿ ಟಿಪ್ಪಣಿಯಲ್ಲಿ ಬರೆಯಿರಿ, ಕಡೂರು ಸೀಮೆಯವರೇ ಆಗಬೇಕೆಂದಿಲ್ಲ. ಪಾವಗಡ, ಮುಂಡರಗಿ, ಕೋಲಾರದ ಕಡೆಯವರ ಕಥೆ ನಮ್ಮದಕ್ಕಿಂತ ಹಳೆಯದು ಅಂತ ನನಗೆ ಗೊತ್ತು.